ರೀಲ್ಸ್ ಒಳಗಿನ ಜಾಹೀರಾತು: ಹತ್ತು ವರ್ಷ ಈ ಕೆಲಸ ಮಾಡಿದವಳ ಅನುಭವ

ಹೋದ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ಅಕ್ಕನ ಮಗ ಈಗ ಎರಡನೇ ಪಿಯುಸಿ. ಊಟ ಆದ ಮೇಲೆ ಪಕ್ಕದಲ್ಲಿ ಬಂದು ಕೂತು ಫೋನ್ ಚಾಚಿದ. "ಚಿಕ್ಕಮ್ಮ, ಈ ಶೂ ಚೆನ್ನಾಗಿದೆ ಅಲ್ವಾ?"

ಒಂದು ರೀಲ್. ಇಪ್ಪತ್ತರ ಆಸುಪಾಸಿನ ಹುಡುಗ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟುತ್ತಾ ಇಂಟರ್ನಲ್ಸ್ ಬಗ್ಗೆ ಗೊಣಗುತ್ತಿದ್ದ. ಶೂ ಬಗ್ಗೆ ಆಡಿದ್ದು ಒಂದೇ ಮಾತು, ಅದೂ ಕೊನೆಗೆ. ಎರಡು ತಿಂಗಳಿಂದ ಹಾಕ್ತಿದ್ದೀನಿ, ಸೋಲ್ ಇನ್ನೂ ಗಟ್ಟಿ ಇದೆ ಅಂತ.

"ಇದು ಜಾಹೀರಾತು ಕಣೋ" ಅಂದೆ.

"ಇಲ್ಲ ಚಿಕ್ಕಮ್ಮ, ಅವನು ಸುಮ್ನೆ ಹೇಳ್ತಿದ್ದಾನೆ. ಎರಡು ವರ್ಷದಿಂದ ಅವನನ್ನ ಫಾಲೋ ಮಾಡ್ತಿದ್ದೀನಿ, ನಂಗೊತ್ತಿಲ್ವಾ?"

ಕ್ಯಾಪ್ಷನ್ ಕೆಳಗಿನ 'ಮೋರ್' ಒತ್ತಿ ತೋರಿಸಿದೆ. ಹನ್ನೊಂದು ಹ್ಯಾಶ್‌ಟ್ಯಾಗ್ ಸಾಲಾಗಿ ಇದ್ದವು. ಅದರಲ್ಲಿ ಒಂಬತ್ತನೆಯದು 'ಆ್ಯಡ್'. ಮೇಲೆ ಪಿನ್ ಮಾಡಿದ್ದ ಕಾಮೆಂಟಿನಲ್ಲಿ ಆ ಹುಡುಗನ ಹೆಸರಿಗೇ 15 ಅಂತ ಅಂಕಿ ಸೇರಿಸಿದ ಕೂಪನ್ ಕೋಡ್. ಆ ಕೋಡ್ ಹಾಕಿ ಯಾರು ಕೊಂಡರೂ ಕಂಪನಿಗೆ ಲೆಕ್ಕ ಸಿಗುತ್ತೆ. ಅಕ್ಕನ ಮಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವನ ಮುಖ ನೋಡಿ ನನಗೆ ಬೇಜಾರಾಯಿತು. ಯಾಕೆಂದರೆ 'ಸುಮ್ನೆ ಹೇಳ್ತಿದ್ದಾನೆ' ಅಂತ ಹುಡುಗರಿಗೆ ಅನ್ನಿಸುವ ಹಾಗೆ ಮಾಡೋದೇ ಹತ್ತು ವರ್ಷದಿಂದ ನನ್ನ ಕೆಲಸ. ಅದನ್ನು ಹೇಗೆ ಮಾಡುತ್ತೇವೆ, ಎಲ್ಲಿ ತಪ್ಪಿದೆ, ಈಗ ಹೇಗೆ ಮಾಡುತ್ತಿದ್ದೇನೆ ಅಂತ ಬರೆದಿಡಬೇಕು ಅನ್ನಿಸಿತು.

ನಾನು ಬೆಂಗಳೂರಿನ ಒಂದು ಡಿಜಿಟಲ್ ಏಜೆನ್ಸಿಗೆ ಸೇರಿದ್ದು 2016ರಲ್ಲಿ. ಆ ಸೆಪ್ಟೆಂಬರ್‌ನಲ್ಲೇ ಜಿಯೋ ಬಂತು. ಅದಕ್ಕೆ ಮುಂಚೆ ನಮ್ಮ ಲೆಕ್ಕದಲ್ಲಿ 'ಯೂತ್' ಅಂದರೆ ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜು ಹುಡುಗರು. ಡೇಟಾ ಅಗ್ಗವಾದ ಮೇಲೆ ಒಂದೆರಡು ವರ್ಷದಲ್ಲಿ ರಾಣೆಬೆನ್ನೂರು, ಸಿಂಧನೂರು, ಹುಣಸೂರು ಎಲ್ಲಾ ಕಡೆಯಿಂದ ಕಾಮೆಂಟ್ ಬರತೊಡಗಿದವು. ಆಗ ಕ್ಲೈಂಟ್‌ಗಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಪೇಜಿಗೆ ಲೈಕ್ ಎಷ್ಟು? ಅದಕ್ಕೆ ನಾವು ಕಂಡುಕೊಂಡಿದ್ದ ಸುಲಭದ ದಾರಿ 'ಟ್ಯಾಗ್ ಮಾಡಿ' ಪೋಸ್ಟ್. ಒಂದು ತಂಪು ಪಾನೀಯಕ್ಕೆ 'ಯಾವತ್ತೂ ಪರ್ಸ್ ಮರೆತು ಬರೋ ಫ್ರೆಂಡ್‌ನ ಇಲ್ಲಿ ಟ್ಯಾಗ್ ಮಾಡಿ' ಅಂತ ಬರೆದೆ. ರಾತ್ರಿ ಒಂಬತ್ತೂವರೆಗೆ ಹಾಕಿದೆ. ಹಾಸ್ಟೆಲ್ ಊಟ ಮುಗಿಯುವ ಹೊತ್ತು ಅದು. ಬೆಳಗ್ಗೆ ಎದ್ದು ನೋಡಿದರೆ ಸಾವಿರಾರು ಕಾಮೆಂಟ್. ಪಾನೀಯದ ಹೆಸರು ಯಾರೂ ಎತ್ತಿರಲಿಲ್ಲ. ಆದರೂ ಪ್ರತಿಯೊಬ್ಬರೂ ಆ ಬಾಟಲಿಯ ಚಿತ್ರದ ಕೆಳಗೆ ತಮ್ಮ ಗೆಳೆಯನನ್ನ ಕರೆದು ನಿಲ್ಲಿಸಿದ್ದರು. ಗೆಳೆಯನೇ ಗೆಳೆಯನಿಗೆ ಜಾಹೀರಾತು ತಲುಪಿಸಿದರೆ ನಾವು ದುಡ್ಡು ಹಾಕಬೇಕಾದದ್ದು ಮೊದಲ ಒಬ್ಬನಿಗೆ ತಲುಪಿಸೋದಕ್ಕೆ ಮಾತ್ರ. ಆ ರಾತ್ರಿ ಕಲಿತದ್ದು ಇವತ್ತಿಗೂ ಈ ಕೆಲಸದ ಬುಡದಲ್ಲಿದೆ.

ದೊಡ್ಡ ಕಂಪನಿಗಳು ಇದನ್ನೇ ದೊಡ್ಡದಾಗಿ ಮಾಡಿದವು. 2019ರಲ್ಲಿ ಸ್ವಿಗ್ಗಿ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಸ್ಪರ್ಧೆ ಇಟ್ಟಿತ್ತು. ಮೆಸೇಜಿನಲ್ಲಿ ವಾಯ್ಸ್ ನೋಟ್ ಕಳಿಸಿದಾಗ ಒಂದು ಅಲೆಯ ಗೆರೆ ಬರುತ್ತಲ್ಲ, ದನಿ ಏರಿಸಿ ಇಳಿಸಿ ಆ ಗೆರೆಯಲ್ಲಿ ಕಬಾಬ್ ಕಡ್ಡಿಯ ಆಕಾರ ಬರಿಸಬೇಕು. ನಮ್ಮ ಆಫೀಸಿನಲ್ಲೇ ಹುಡುಗರು ಫೋನ್ ಬಾಯಿಗೆ ಹಿಡಿದು ಊಳಿಡುತ್ತಿದ್ದರು. ಯಾರಿಗೂ ಜಾಹೀರಾತು ನೋಡುತ್ತಿದ್ದೇವೆ ಅಂತ ಅನ್ನಿಸಲೇ ಇಲ್ಲ, ಆಟ ಆಡುತ್ತಿದ್ದರು ಅಷ್ಟೇ. 2021ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್ ಕ್ರೆಡ್‌ನ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ರೇಗಾಡಿ ಇಂದಿರಾನಗರದ ಗೂಂಡಾ ನಾನು ಅಂತ ಕೂಗಿದ್ದು ನಿಮಗೂ ನೆನಪಿರುತ್ತೆ. ಅಷ್ಟು ಶಾಂತ ಮನುಷ್ಯ ಸಿಟ್ಟಾಗಿದ್ದೇ ಸುದ್ದಿ. ಆ ವಿಡಿಯೋದಿಂದ ಹುಡುಗರು ಮೀಮ್ ಮಾಡಿದರು, ಬೇರೆ ಬೇರೆ ಕಂಪನಿಗಳು ಆ ಮೀಮಿನ ಮೇಲೆ ಮೀಮ್ ಮಾಡಿದವು. ಮಾರನೇ ದಿನ ನಮ್ಮ ಮೂರು ಕ್ಲೈಂಟ್‌ಗಳಿಂದ ಫೋನ್, ನಮಗೂ ಅಂಥದ್ದೇ ಬೇಕು ಅಂತ. ಅಂಥದ್ದು ಕೇಳಿದಾಗೆಲ್ಲ ಬರಲ್ಲ. ದ್ರಾವಿಡ್ ಬಗ್ಗೆ ಇಪ್ಪತ್ತೈದು ವರ್ಷದಿಂದ ಜನರ ಮನಸ್ಸಿನಲ್ಲಿ ಕೂತಿದ್ದ ಚಿತ್ರ ಇರಲಿಲ್ಲ ಅಂದಿದ್ದರೆ ಆ ಜೋಕ್ ಹುಟ್ಟುತ್ತಿರಲಿಲ್ಲ.

ಐಪಿಎಲ್ ಸೀಸನ್ ಬಂದರೆ ನಮಗೆ ಮದುವೆ ಮನೆಯ ಹಾಗೆ. ತಂಡಕ್ಕೆ ಪ್ರಾಯೋಜಕತ್ವ ಕೊಡದ ಕಂಪನಿ ಅದರ ಹೆಸರು, ಲೋಗೋ, ಆಟಗಾರರ ಫೋಟೋ ಮುಟ್ಟುವ ಹಾಗಿಲ್ಲ. ಹಾಗಾಗಿ ಕೆಂಪು ಹಿನ್ನೆಲೆ, 18 ಅನ್ನೋ ಅಂಕಿ, 'ಈ ಸಲ' ಅಂತ ಎರಡು ಪದ, ಮುಂದೆ ಖಾಲಿ ಜಾಗ. ಉಳಿದದ್ದನ್ನ ಹುಡುಗರೇ ಕಾಮೆಂಟಿನಲ್ಲಿ ತುಂಬುತ್ತಿದ್ದರು. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದ ರಾತ್ರಿ ನಾನು ಕ್ಲೈಂಟ್ ಕೆಲಸ ಬಿಟ್ಟು ಟಿವಿ ಮುಂದೆ ಅಳುತ್ತಿದ್ದೆ.

ಇನ್ನು ಭಾಷೆಯ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಎಡವೋದು ಇಲ್ಲೇ.

ಮುಂಬೈಯಿಂದಲೋ ಗುರುಗ್ರಾಮದಿಂದಲೋ ಹಿಂದಿಯಲ್ಲಿ ಬರೆದ ಸ್ಕ್ರಿಪ್ಟ್ ಬರುತ್ತೆ. ಅದನ್ನ ಯಾರೋ ಪದಕ್ಕೆ ಪದ ಕನ್ನಡ ಮಾಡಿರುತ್ತಾರೆ. ಒಂದು ಹೇರ್ ಆಯಿಲ್‌ಗೆ ಬಂದ ಸ್ಕ್ರಿಪ್ಟ್ ಹೀಗಿತ್ತು: 'ಹಾಯ್ ಗೆಳೆಯರೇ, ಕೂದಲು ಉದುರುವಿಕೆಯ ಸಮಸ್ಯೆಯಿಂದ ನೀವು ಬೇಸತ್ತಿದ್ದೀರಾ?' ಇದನ್ನ ಹಿಡಿದುಕೊಂಡು ಹುಬ್ಬಳ್ಳಿಗೆ ಹೋದೆ. ಅಲ್ಲಿ ಬಿ.ಕಾಂ ಕೊನೇ ವರ್ಷದ ಒಬ್ಬ ಹುಡುಗಿ ಇದ್ದಳು. ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದ್ದವಳು. 2020ರ ಜೂನ್ 29ರ ರಾತ್ರಿ ಸರ್ಕಾರ 59 ಆ್ಯಪ್‌ಗಳನ್ನ ನಿಷೇಧಿಸಿದಾಗ ಅವಳ ಎರಡು ವರ್ಷದ ಗಳಿಕೆ ಒಂದೇ ರಾತ್ರಿಯಲ್ಲಿ ಹೋಯಿತು. ಜುಲೈ ಎರಡನೇ ವಾರದಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ತಂತು. ಮೋಜ್, ಜೋಶ್ ಥರದ ನಮ್ಮ ಆ್ಯಪ್‌ಗಳೂ ಬಂದವು. ಅವಳು ಸೊನ್ನೆಯಿಂದ ಶುರು ಮಾಡಿ ಮತ್ತೆ ನಲವತ್ತು ಸಾವಿರ ಜನರನ್ನ ಕೂಡಿಸಿದ್ದಳು. ಪ್ರತಿಯೊಂದು ಕಾಮೆಂಟಿಗೂ ಕೂತು ಉತ್ತರ ಕೊಡುತ್ತಿದ್ದಳು.

ಉಣಕಲ್ ಕೆರೆ ಹತ್ತಿರ ಒಂದು ಕಟ್ಟೆ ಮೇಲೆ ಕೂತಿದ್ದೆವು. ಮಧ್ಯೆ ಪೇಪರ್ ಮೇಲೆ ಗಿರ್ಮಿಟ್, ಎರಡು ಮಿರ್ಚಿ. ಅವಳು ಸ್ಕ್ರಿಪ್ಟ್ ಎರಡು ಸಲ ಓದಿದಳು. ಕಾಗದ ಮಡಚಿ ನನ್ನ ಕೈಗೇ ವಾಪಸ್ ಕೊಟ್ಟಳು.

"ಅಕ್ಕಾರ, ನಾ ಹಿಂಗ ಮಾತಾಡೂದಿಲ್ರಿ. ಇದನ್ನ ಹೇಳಿದ್ರ ನಮ್ಮ ಓಣ್ಯಾಗ ಎಲ್ಲಾರೂ ನಗತಾರ್ರಿ."

"ಮತ್ತೆ ನೀನು ಹೇಗೆ ಹೇಳ್ತೀಯ?"

ಸ್ವಲ್ಪ ಯೋಚಿಸಿದಳು. ಬ್ಯಾಗಿನಿಂದ ಬಾಚಣಿಗೆ ತೆಗೆದಳು. ಕ್ಯಾಮೆರಾ ಆನ್ ಮಾಡು ಅಂತ ಕೂಡ ಹೇಳಲಿಲ್ಲ. "ಹಣಿಗಿ ತುಂಬ ಕೂದ್ಲ ನೋಡ್ರಿ. ಅವ್ವ ದಿನಾ ಬೈತಾಳ, ಮನಿ ತುಂಬ ನಿಂದ ಕೂದ್ಲ, ರೊಟ್ಟ್ಯಾಗೂ ನಿಂದ ಕೂದ್ಲ ಅಂತ."

ರೊಟ್ಟ್ಯಾಗೂ! ಅಷ್ಟು ಸಾಕಾಗಿತ್ತು. ಅಲ್ಲೇ ನನ್ನ ಫೋನಿನಲ್ಲೇ ಶೂಟ್ ಮಾಡಿದೆವು. ಬೆಂಗಳೂರಿನಿಂದ ತಂದಿದ್ದ ರಿಂಗ್ ಲೈಟ್ ಕಾರಿನಿಂದ ಇಳಿಯಲೇ ಇಲ್ಲ. ಕ್ಲೈಂಟ್ ಆಫೀಸಿನಲ್ಲಿ ಒಪ್ಪಿಸೋದಕ್ಕೆ ಒಂದು ವಾರ ಬೇಕಾಯಿತು. 'ಭಾಷೆ ಶುದ್ಧವಾಗಿಲ್ಲ' ಅಂತ ಅವರ ತಕರಾರು. ಕೊನೆಗೆ ಎರಡನ್ನೂ ಹಾಕಿ ನೋಡೋಣ ಅಂತ ನಿರ್ಧಾರವಾಯಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಮಾಡಿದ 'ಗೆಳೆಯರೇ' ವಿಡಿಯೋವನ್ನ ಜನ ಎರಡು ಸೆಕೆಂಡಿಗೆ ತಳ್ಳಿ ಮುಂದೆ ಹೋದರು. ರೊಟ್ಟಿ ವಿಡಿಯೋವನ್ನ ಕೊನೇತನಕ ನೋಡಿದರು, ಅಮ್ಮಂದಿರಿಗೆ ಕಳಿಸಿದರು.

ಅಲ್ಲಿಂದ ಮುಂದೆ ನಾನು ಸ್ಕ್ರಿಪ್ಟ್ ಬರೆದು ಕಳಿಸೋದು ಬಿಟ್ಟೆ. ಹೇಳಬೇಕಾದ ಒಂದು ವಿಷಯ, ಹೇಳಬಾರದ ಎರಡು ವಿಷಯ ಬರೆದು ಕೊಡುತ್ತೇನೆ. ಮಾತು ಅವರದೇ. ಮಂಗಳೂರಿನ ಹುಡುಗ 'ಎಂತ ಮಾರಾಯ' ಅನ್ನಲಿ, ಮಂಡ್ಯದವನು 'ಬುಡ್ಲಾ' ಅನ್ನಲಿ. ಬೆಂಗಳೂರಿನ 'ಮಗಾ', 'ಗುರು' ಎರಡನ್ನೂ ತಗೊಂಡು ಇಡೀ ಕರ್ನಾಟಕಕ್ಕೆ ಹಚ್ಚಿದರೆ ಕಲಬುರಗಿಯ ಹುಡುಗರಿಗೆ ಅದು ಸಿನಿಮಾ ಡೈಲಾಗ್ ಥರ ಕೇಳುತ್ತೆ. ಇನ್ನೊಂದು ಮಾತು. ಹುಡುಗರ ಪದ ಬೇಗ ಹಳತಾಗುತ್ತೆ. ಕಂಪನಿಯ ಮೀಟಿಂಗಿನಲ್ಲಿ ಆ ಪದ ಪಾಸಾಗಿ ಪೋಸ್ಟ್ ಆಗುವ ಹೊತ್ತಿಗೆ ಹುಡುಗರು ಅದನ್ನ ಬಿಟ್ಟಿರುತ್ತಾರೆ.

ದೊಡ್ಡ ಸ್ಟಾರ್‌ಗಿಂತ ಹೀಗೆ ರೀಲ್ ಮಾಡುವ ಚಿಕ್ಕ ಕ್ರಿಯೇಟರ್‌ಗಳನ್ನ ಕಂಪನಿಗಳು ಹುಡುಕಿಕೊಂಡು ಬರೋದು ಯಾಕೆ ಅಂತ ಈಗ ಗೊತ್ತಾಗಿರಬೇಕು. ಸ್ಟಾರ್ ದುಡ್ಡು ತಗೊಂಡಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಹುಬ್ಬಳ್ಳಿ ಹುಡುಗಿ ಪಕ್ಕದ ಮನೆಯವಳು. ನನ್ನ ಅನುಭವದಲ್ಲಿ ಹತ್ತು ಸಾವಿರ ಫಾಲೋವರ್ಸ್ ಇರುವವರಿಗೆ ಒಂದು ರೀಲ್‌ಗೆ ಎರಡು ಮೂರು ಸಾವಿರ ರೂಪಾಯಿ ಕೊಟ್ಟಿದ್ದೇವೆ. ಎಷ್ಟೋ ಸಲ ಅದೂ ಇಲ್ಲ, ಬರೀ ಸಾಮಾನು ಕಳಿಸಿ 'ಬಾರ್ಟರ್' ಅಂದಿದ್ದೇವೆ. ಇಪ್ಪತ್ತು ವರ್ಷದ ಹುಡುಗನ ಮನೆಗೆ ಕಂಪನಿಯ ಹೆಸರಿರುವ ಡಬ್ಬಿ ಬಂದರೆ ಅವನಿಗೆ ಹಬ್ಬ. ಆ ಖುಷಿಯನ್ನ ನಾವು ಸಂಬಳದ ಲೆಕ್ಕದಲ್ಲಿ ಹಿಡಿದೆವು. ಅದು ಅನ್ಯಾಯ. ಈಗ ನಾನು ಬಾರ್ಟರ್ ಮಾಡಿಸುವುದಿಲ್ಲ.

ರೀಲ್ ಹಾಕಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತೆ. ಇದು ಹೊರಗಿನವರಿಗೆ ಕಾಣೋದಿಲ್ಲ. ಚೆನ್ನಾಗಿ ಓಡಿದ ರೀಲನ್ನ ನಾವು ಆ ಕ್ರಿಯೇಟರ್ ಹೆಸರಿನಲ್ಲೇ, ಅವರ ಅನುಮತಿ ತಗೊಂಡು, ದುಡ್ಡು ಹಾಕಿ ಓಡಿಸುತ್ತೇವೆ. ಅವಳನ್ನ ಫಾಲೋ ಮಾಡದವರ ಫೋನಿಗೂ ಅವಳ ಮುಖ ಹೋಗುತ್ತೆ. ಯಾರು ಅರ್ಧಕ್ಕಿಂತ ಜಾಸ್ತಿ ನೋಡಿದರೋ ಅವರದೊಂದು ಗುಂಪು. ಅವರಿಗೆ ಎರಡು ದಿನ ಬಿಟ್ಟು ಕೂಪನ್ ತೋರಿಸುತ್ತೇವೆ. ಯಾರು ವೆಬ್‌ಸೈಟಿಗೆ ಬಂದು ಕಾರ್ಟ್‌ಗೆ ಹಾಕಿ ಬಿಟ್ಟು ಹೋದರೋ ಅವರದು ಇನ್ನೊಂದು ಗುಂಪು. ವೆಬ್‌ಸೈಟಿನಲ್ಲಿ ಕೂರಿಸಿರುವ ಸಣ್ಣ ಕೋಡ್ ಅವರನ್ನ ಗುರುತು ಹಿಡಿದಿರುತ್ತೆ. ಅವರಿಗೆ 'ಇನ್ನು ಕೆಲವೇ ಉಳಿದಿವೆ' ಅಂತ ತೋರಿಸುತ್ತೇವೆ. ಕೊಂಡವರ ಪಟ್ಟಿಯನ್ನ ಪ್ಲಾಟ್‌ಫಾರ್ಮ್‌ಗೆ ಕೊಟ್ಟು, ಇವರ ಹಾಗೇ ಇರುವ ಇನ್ನಷ್ಟು ಜನರನ್ನ ಹುಡುಕು ಅಂದರೆ ಅದೇ ಹುಡುಕಿ ತರುತ್ತೆ. ಒಂದು ಶೂ ನೋಡಿದರೆ ವಾರವಿಡೀ ಅದೇ ಶೂ ಬೆನ್ನು ಹತ್ತುತ್ತೆ ಅಂತ ಜನ ಹೇಳುತ್ತಾರಲ್ಲ, ಅದರ ಹಿಂದೆ ನನ್ನಂಥ ಒಬ್ಬಳು ಕೂತು 'ಏಳು ದಿನ' ಅಂತ ಬಾಕ್ಸ್‌ನಲ್ಲಿ ಟೈಪ್ ಮಾಡಿರುತ್ತಾಳೆ.

ಈಗ ತಪ್ಪಿದ ಕಥೆ.

ಮುಖಕ್ಕೆ ಹಚ್ಚುವ ಒಂದು ಸೀರಮ್. ಕಂಪನಿಯ ಹೆಸರು ಬೇಡ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನ ಗ್ಲೋ ಅಂಡ್ ಲವ್ಲಿ ಅಂತ ಬದಲಿಸಿತಲ್ಲ, ಅದಾದ ಮೇಲೆ ಮಾರ್ಕೆಟ್ಟಿನಲ್ಲಿ 'ಬಿಳುಪು' ಅನ್ನೋ ಪದವನ್ನ ಬಾಯಿಬಿಟ್ಟು ಹೇಳುವವರು ಕಡಿಮೆಯಾದರು. 'ಗ್ಲೋ' ಬಂತು, 'ಟ್ಯಾನ್ ಹೋಗುತ್ತೆ' ಬಂತು. ಏನು ಹೇಳಬೇಕು ಅಂತ ಕಂಪನಿ ನಮಗೆ ಬರೆದು ಕೊಟ್ಟ ಬ್ರೀಫ್‌ನಲ್ಲೂ 'ಗ್ಲೋ' ಅಂತಲೇ ಇತ್ತು. ವಯಸ್ಸು 18ರಿಂದ 24 ಅಂತ ಹಾಕಿದೆ. ಹನ್ನೆರಡು ಹುಡುಗಿಯರ ಕೈಲಿ ಹನ್ನೆರಡು ರೀಲ್. ಬೆಳಗ್ಗೆ ಎದ್ದು ಮುಖ ತೊಳೆಯೋದು, ಸೀರಮ್ ಮೂರು ಹನಿ, ಕಾಲೇಜಿಗೆ ಹೊರಡೋದು. ಎಲ್ಲೂ ಸುಳ್ಳು ಹೇಳಿರಲಿಲ್ಲ. ಆದರೆ ಕಿಟಕಿ ಬೆಳಕು, ಫಿಲ್ಟರ್, ಮೊದಲು-ಆಮೇಲೆ ಎರಡು ಫೋಟೋ ಇವೆಲ್ಲ ಹೇಳಬೇಕಾದ್ದನ್ನ ಹೇಳುತ್ತಿದ್ದವು. ಅದು ನನಗೆ ಗೊತ್ತಿತ್ತು. ಸಿಕ್ಕಾಪಟ್ಟೆ ಓಡಿತು.

ಕ್ರಿಯೇಟರ್‌ಗಳಿಗೆ ಬಂದ ಮೆಸೇಜ್‌ಗಳಿಗೆ ಉತ್ತರ ಬರೆದು ಕೊಡೋದೂ ನಮ್ಮದೇ ಕೆಲಸ. ಒಂದು ಸಂಜೆ ಒಬ್ಬ ಹುಡುಗಿಯ ಇನ್‌ಬಾಕ್ಸ್ ನೋಡುತ್ತಾ ಕೂತಿದ್ದೆ. ಒಂದು ಮೆಸೇಜ್ ಬಂತು. 'ಅಕ್ಕಾ ನಾನು 9th. ಇದು ಎಷ್ಟು ದಿನಕ್ಕೆ ಕೆಲಸ ಮಾಡುತ್ತೆ? ಅಮ್ಮ ಕೊಡಿಸಲ್ಲ ಅಂದ್ರು. ಅಜ್ಜಿ ಕೊಟ್ಟ ದುಡ್ಡಲ್ಲಿ ತಗೊಂಡೆ. ಹದಿನೈದು ದಿನ ಆಯ್ತು. ಸ್ಕೂಲ್ ಡೇಗೆ ಮುಂದಿನ ಸಾಲಲ್ಲಿ ನಿಲ್ಲಿಸ್ತಾರೆ ಅಂದ್ಕೊಂಡಿದ್ದೆ.'

ಕೊನೇ ಸಾಲು ಮತ್ತೆ ಮತ್ತೆ ಓದಿದೆ. ಡ್ಯಾನ್ಸಿನಲ್ಲಿ ಮುಂದಿನ ಸಾಲು. ನಾನು ಕಪ್ಪಗಿದ್ದೇನೆ. ನಮ್ಮ ಸ್ಕೂಲಿನಲ್ಲೂ ಮುಂದಿನ ಸಾಲು ಯಾರಿಗೆ ಸಿಗುತ್ತಿತ್ತು ಅಂತ ನನಗೆ ಹೇಳಿಕೊಡಬೇಕಾಗಿಲ್ಲ. ಆ ಸಾಲಿಗೆ ಇವಳನ್ನ ಅಜ್ಜಿ ದುಡ್ಡಿನ ಸಮೇತ ಕರೆದುಕೊಂಡು ಬಂದವಳು ನಾನೇ.

18ರಿಂದ 24 ಅಂತ ಹಾಕಿದ್ದೆನಲ್ಲ, ಮತ್ತೆ ಒಂಬತ್ತನೇ ಕ್ಲಾಸಿನವಳು ಹೇಗೆ ಬಂದಳು? ಎರಡು ದಾರಿ ಇವೆ. ಒಂದು, ರೀಲ್ ತಾನಾಗಿ ಹರಡುವಾಗ ನಾವು ಹಾಕಿದ ವಯಸ್ಸಿನ ಬೇಲಿ ಇರೋದೇ ಇಲ್ಲ. ಆ ಬೇಲಿ ಇರೋದು ದುಡ್ಡು ಹಾಕಿ ಓಡಿಸುವ ಜಾಹೀರಾತಿಗೆ ಮಾತ್ರ. ಇನ್ನೊಂದು, ಮಕ್ಕಳು ಅಕೌಂಟ್ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಹಾಕಿರುತ್ತಾರೆ. 13 ತುಂಬದೆ ಅಕೌಂಟ್ ಕೊಡಲ್ಲ ಅಂದರೆ ಆರನೇ ಕ್ಲಾಸಿನ ಹುಡುಗ 2000ನೇ ಇಸವಿ ಅಂತ ಹಾಕುತ್ತಾನೆ. ಅವತ್ತಿಂದ ಆ ಸಿಸ್ಟಮ್ ಲೆಕ್ಕದಲ್ಲಿ ಅವನು ದೊಡ್ಡವನು. ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ 2021ರಲ್ಲಿ ನಿಯಮ ತಂತು. 18ರೊಳಗಿನವರಿಗೆ ಜಾಹೀರಾತು ತೋರಿಸಲು ವಯಸ್ಸು, ಲಿಂಗ, ಊರು ಇಷ್ಟನ್ನೇ ಬಳಸಬಹುದು, ಅವರ ಆಸಕ್ತಿ ಬಳಸುವ ಹಾಗಿಲ್ಲ ಅಂತ. 2023ರ ಫೆಬ್ರವರಿಯಿಂದ ಲಿಂಗವನ್ನೂ ತೆಗೆದರು. ಒಳ್ಳೆಯ ನಿಯಮವೇ. ಆದರೆ 2000ದಲ್ಲಿ ಹುಟ್ಟಿದ್ದೇನೆ ಅಂದ ಆರನೇ ಕ್ಲಾಸಿನವನಿಗೆ ಅದರಿಂದ ಏನೂ ರಕ್ಷಣೆ ಇಲ್ಲ.

ಆ ಸಂಜೆ ನಾನು ಆ ಹುಡುಗಿಗೆ ಕ್ರಿಯೇಟರ್ ಹೆಸರಿನಲ್ಲಿ ಬರೆಯಲಿಲ್ಲ. ಕ್ರಿಯೇಟರ್‌ಗೇ ಫೋನ್ ಮಾಡಿದೆ. ಅವಳೇ ಬರೆದಳು: ಪುಟ್ಟಿ, ಇದಕ್ಕೆ ನಾನು ದುಡ್ಡು ತಗೊಂಡಿದ್ದೀನಿ, ನಿನ್ನ ವಯಸ್ಸಿಗೆ ಇದು ಬೇಡ, ಉರಿ ಬಂದರೆ ನಿಲ್ಲಿಸಿ ಅಮ್ಮನಿಗೆ ಹೇಳು, ಡಾಕ್ಟರಿಗೆ ತೋರಿಸು ಅಂತ. ಅವಳ ರೀಲ್ ತೆಗೆಸಿದೆವು. ಉಳಿದ ಹನ್ನೊಂದು ತೆಗೆಸೋದಕ್ಕೆ ಕ್ಲೈಂಟ್ ಒಪ್ಪಲಿಲ್ಲ. ಸೇಲ್ಸ್ ಬರುತ್ತಿರುವಾಗ ಯಾಕೆ ಅಂತ ಕೇಳಿದರು. ಒಂದು ತಿಂಗಳಲ್ಲಿ ನಾನು ಆ ಕ್ಲೈಂಟಿನ ಕೆಲಸ ಬಿಟ್ಟೆ. ಮುಂದಿನ ವರ್ಷ ಏಜೆನ್ಸಿಯನ್ನೂ ಬಿಟ್ಟು ಜಯನಗರದಲ್ಲಿ ಒಂದು ಚಿಕ್ಕ ರೂಮು ಹಿಡಿದು, ಇಬ್ಬರೇ ಸೇರಿ ಸ್ವಂತ ಕೆಲಸ ಶುರು ಮಾಡಿದೆವು.

ನಿಯಮಗಳು ಇಲ್ಲದೇ ಇರಲಿಲ್ಲ. ಜಾಹೀರಾತು ಉದ್ಯಮ ತಾನೇ ಕಟ್ಟಿಕೊಂಡಿರುವ ಸಂಸ್ಥೆ ಎಎಸ್‌ಸಿಐ 2021ರ ಜೂನ್ 14ರಿಂದ ಇಂಥ ಕ್ರಿಯೇಟರ್‌ಗಳಿಗೆ, ಅಂದರೆ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿತ್ತು. ದುಡ್ಡು ಮಾತ್ರ ಅಲ್ಲ, ಬಿಟ್ಟಿ ಸಾಮಾನು ತಗೊಂಡು ಹಾಕಿದರೂ ಅದು ಜಾಹೀರಾತು ಅಂತ ಹೇಳಬೇಕು. 'ಮೋರ್' ಒತ್ತದೇ ಕಾಣಬೇಕು. ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹೂಳಬಾರದು. 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡ್ ಆ ಪದ ಪರದೆಯ ಮೇಲೆ ಇರಬೇಕು. ಇಂಗ್ಲಿಷಿನಲ್ಲೇ ಇರಬೇಕು ಅಂತಿಲ್ಲ, ಜಾಹೀರಾತಿನ ಭಾಷೆಯಲ್ಲೂ ಹಾಕಬಹುದು. 'ಜಾಹೀರಾತು' ಅಂತ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಹಾಕಬಹುದಿತ್ತು. ನಮ್ಮ ಸೀರಮ್ ರೀಲ್‌ಗಳಲ್ಲಿ 'ಕೊಲಾಬ್', ಅಂದರೆ ಕಂಪನಿ ಜೊತೆ ಸೇರಿ ಮಾಡಿದ್ದು, ಅಂತ ಸಣ್ಣಕ್ಷರದಲ್ಲಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಗೆ 'ಕೊಲಾಬ್' ಅಂದರೆ ಏನು ಅರ್ಥವಾಗಬೇಕು?

ಆಮೇಲೆ ಸರ್ಕಾರದ ನಿಯಮವೂ ಬಂತು. ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿ ಬಂತು. ಮಕ್ಕಳನ್ನ ಗುರಿ ಮಾಡುವ ಜಾಹೀರಾತಿಗೆ ಅದರಲ್ಲಿ ಬೇರೆಯೇ ಭಾಗ ಇದೆ. ಕಾಯ್ದೆ ಪ್ರಕಾರ ಸುಳ್ಳು ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. ಅದು ಕಂಪನಿಗೆ ಮಾತ್ರ ಅಲ್ಲ, ಹೊಗಳಿ ಹೇಳಿದವರಿಗೂ ಬೀಳಬಹುದು. ಇದನ್ನ ನಾನು ಪ್ರತಿ ಹೊಸ ಕ್ರಿಯೇಟರ್‌ಗೂ ಕೂರಿಸಿಕೊಂಡು ಹೇಳುತ್ತೇನೆ. ಎರಡು ಸಾವಿರ ರೂಪಾಯಿಗೆ ರೀಲ್ ಮಾಡುವ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರಲ್ಲ. ಗೊತ್ತಿದ್ದ ನಾವೂ ಹೇಳುತ್ತಿರಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಚಟುವಟಿಕೆಯ ಜಾಡು ಹಿಡಿಯುವ ಹಾಗಿಲ್ಲ, ಅವರನ್ನ ಗುರಿ ಇಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ನನಗೆ ಇದರ ಮೇಲೆ ಆಸೆ ಇದೆ. ವಯಸ್ಸು ನಿಜವಾಗಿ ಪರೀಕ್ಷೆ ಆದರೆ ನನ್ನ ಕೆಲಸ ಕಷ್ಟವಾಗುತ್ತೆ, ಆಗಲಿ.

ಹಣ ಕಟ್ಟಿ ಆಡುವ ಆ್ಯಪ್‌ಗಳ ಕೆಲಸ ನಾನು ಯಾವತ್ತೂ ತಗೊಳ್ಳಲಿಲ್ಲ. ಒಂದೊಂದು ಐಪಿಎಲ್‌ಗೂ ಬಂದು ಕೇಳುತ್ತಿದ್ದರು, ಬೇರೆ ಯಾವ ಕೆಲಸದಲ್ಲೂ ಇಲ್ಲದಷ್ಟು ದುಡ್ಡು ಇಡುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಆ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಲ್ಲಿಸಿತು. ಪಿಯುಸಿ ರಿಸಲ್ಟ್ ದಿನ 'ಮಾರ್ಕ್ಸ್ ಕಡಿಮೆ ಬಂತಾ?' ಅಂತ ಕೋಚಿಂಗ್ ಜಾಹೀರಾತು ಓಡಿಸೋದನ್ನೂ ಮಾಡಲ್ಲ. ಆ ದಿನ ಮನೆಗಳಲ್ಲಿ ಏನು ನಡೀತಿರುತ್ತೆ ಅಂತ ನಮಗೆಲ್ಲ ಗೊತ್ತು. ಫೇಲಾದ ಹುಡುಗ ಬಾತ್‌ರೂಮಿನಲ್ಲಿ ಕೂತು ಫೋನ್ ನೋಡುತ್ತಿರುವಾಗ ಅವನ ಕೈಗೆ ಸಿಗಬೇಕಾದ್ದು ಅದಲ್ಲ.

ಈಗ ಹೇಗೆ ಮಾಡುತ್ತೇನೆ? ಒಪ್ಪಂದದಲ್ಲಿ ಮೊದಲ ಸಾಲು: ಪರದೆ ಮೇಲೆ ಕನ್ನಡದಲ್ಲಿ 'ಜಾಹೀರಾತು', ಮೊದಲ ಸೆಕೆಂಡಿನಿಂದಲೇ. ಇದಕ್ಕೆ ಒಪ್ಪದ ಕ್ಲೈಂಟ್ ಬೇಡ. ಹೋದ ವರ್ಷ ಇಬ್ಬರು ಎದ್ದು ಹೋದರು. ಕ್ರಿಯೇಟರ್ ಆ ಸಾಮಾನನ್ನ ಕನಿಷ್ಠ ಮೂರು ವಾರ ಬಳಸಿರಬೇಕು, ಇಷ್ಟವಾಗಲಿಲ್ಲ ಅಂದರೆ ವಾಪಸ್, ಆ ಮೂರು ವಾರದ ದುಡ್ಡು ಅವರಿಗೇ. ಕಮಿಷನ್ ಕಡಿಮೆಯಾಗಿದೆ, ಮೊದಲು ಹತ್ತು ಬ್ರ್ಯಾಂಡ್ ನೋಡುತ್ತಿದ್ದವಳು ಈಗ ನಾಲ್ಕು ನೋಡುತ್ತೇನೆ. 'ಇನ್ನು ಕೆಲವೇ ಉಳಿದಿವೆ' ಅಂತ ಹಾಕಬೇಕಾದರೆ ಗೋಡೌನಿನವರಿಗೆ ಫೋನ್ ಮಾಡಿ ಎಣಿಸುತ್ತೇನೆ. ವಾರಕ್ಕೊಮ್ಮೆ ಕಾಮೆಂಟ್, ಮೆಸೇಜ್ ಎಲ್ಲಾ ನಾನೇ ಕೂತು ಓದುತ್ತೇನೆ. ಸ್ಕೂಲು, ಟ್ಯೂಷನ್, 'ಅಮ್ಮ ಬೈತಾರೆ' ಅನ್ನೋ ಮಾತುಗಳು ಜಾಸ್ತಿ ಕಂಡರೆ ದುಡ್ಡು ಹಾಕಿ ಓಡಿಸೋದನ್ನ ಅವತ್ತೇ ನಿಲ್ಲಿಸುತ್ತೇನೆ. ಅಂಕಿಅಂಶ ತೋರಿಸುವ ಯಾವ ಡ್ಯಾಶ್‌ಬೋರ್ಡೂ ಹೇಳದ ವಯಸ್ಸು ಕಾಮೆಂಟಿನಲ್ಲಿ ಗೊತ್ತಾಗುತ್ತೆ.

'ಜಾಹೀರಾತು' ಅಂತ ಹಾಕಿದರೆ ಓಡುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಸಲ ಹಾಕಿದಾಗ ನನಗೂ ಹೆದರಿಕೆ ಇತ್ತು. ಅದೇ ಹುಬ್ಬಳ್ಳಿ ಹುಡುಗಿಗೆ ಫೋನ್ ಮಾಡಿದೆ. ಈಗ ಅವಳು ಒಂದು ಬ್ಯಾಂಕಿನಲ್ಲಿದ್ದಾಳೆ, ಭಾನುವಾರ ರೀಲ್ ಮಾಡುತ್ತಾಳೆ. ಒಂದು ಸಣ್ಣ ಕಂಪನಿಯ ಶೇಂಗಾ ಚಟ್ನಿಪುಡಿ. ಪರದೆ ಮೇಲೆ ಪದ ಹಾಕಬೇಕು ಅಂದೆ. "ಬರದದ್ದನ್ನ ಯಾರು ಓದತಾರ ಅಕ್ಕಾರ, ನಾನ ಬಾಯಿಲೆ ಹೇಳಿಬಿಡತೀನಿ" ಅಂದಳು. ರೀಲ್ ಶುರುವಾಗೋದೇ ಹಾಗೆ: "ನೋಡ್ರಿ, ಇದಕ್ಕ ನಾ ರೊಕ್ಕ ತಗೊಂಡೀನಿ. ತಗೊಂಡ ಹೇಳಾಕತ್ತೀನಿ. ಆದ್ರ ಚಟ್ನಿ ನಮ್ಮವ್ವನ ಕೈಯಾಗ ಪಾಸ್ ಆಗೇತಿ." ಹಿಂದೆ ಅವಳ ಅವ್ವ ರೊಟ್ಟಿ ಮುರಿಯುತ್ತಾ ತಲೆ ಎತ್ತಿ ನೋಡಿ, "ಉಪ್ಪ ಸ್ವಲ್ಪ ಕಡಿಮಿ ಐತಿ" ಅಂತಾರೆ. ಕ್ಲೈಂಟ್ ಆ ಉಪ್ಪಿನ ಮಾತು ಕತ್ತರಿಸಿ ಅಂದರು. ನಾನು ಬಿಡಲಿಲ್ಲ. ಅವಳ ಹಳೆಯ ರೀಲ್‌ಗಳಿಗಿಂತ ಅದೇನೂ ಕಮ್ಮಿ ಓಡಲಿಲ್ಲ. ಮುಂದಿನ ತಿಂಗಳು ಕಂಪನಿ ಉಪ್ಪು ಸರಿಮಾಡಿತು.

ಆ ರೀಲನ್ನ ದೀಪಾವಳಿ ರಾತ್ರಿ ಅಕ್ಕನ ಮಗನಿಗೆ ಕಳಿಸಿದೆ. ಪಕ್ಕದ ರೂಮಿನಿಂದಲೇ ಉತ್ತರ ಬಂತು. 'ಎಷ್ಟು ಕೊಟ್ರಿ ಅವರಿಗೆ?' ಎಂಟು ಸಾವಿರ ಅಂತ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಹಾಸ್ಟೆಲ್ ಮೆಟ್ಟಿಲಿನ ಆ ಶೂ ಹುಡುಗನ ರೀಲ್ ಮತ್ತೆ ಕಳಿಸಿದ. 'ಹಂಗಾದ್ರೆ ಇವನಿಗೆ ಎಷ್ಟು ಕೊಟ್ಟಿರಬಹುದು ಚಿಕ್ಕಮ್ಮ?' ಎದ್ದು ಅವನ ರೂಮಿಗೆ ಹೋದೆ. ಹನ್ನೆರಡು ಗಂಟೆ ತನಕ ಇಬ್ಬರೂ ಕೂತು ಒಂದೊಂದೇ ರೀಲ್ ತೆಗೆದು ಲೆಕ್ಕ ಹಾಕಿದೆವು.